ಜೊತೆಗೈ

ನಮ್ಮ ಜೊತೆಗೈ ಸಂಘ ಕರುಣೆಯಿಂದ ಹುಟ್ಟಿತು ಅಂತ ಯಾರಾದರೂ ಭಾಷಣ ಮಾಡಿದರೆ ನಂಬಬೇಡಿ. ಅದು ಹುಟ್ಟಿದ್ದು ನಮ್ಮತ್ತೆಯ ಸಿಟ್ಟಿನಿಂದ. ಅತ್ತೆ ಚಿಕ್ಕತಾಯಮ್ಮನವರಿಗೆ ಬೆಳಗಿನ ಹೊತ್ತು ಯಾರಾದರೂ ಅಡ್ಡ ನಿಂತರೆ ಆಗುತ್ತಿರಲಿಲ್ಲ. ನಾನು ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲೇ ಇದನ್ನು ಅರ್ಥ ಮಾಡಿಕೊಂಡು, ಒಲೆಯ ಮುಂದಾಗಲಿ ಬಚ್ಚಲ ಬಾಗಿಲಲ್ಲಾಗಲಿ ಅವರ ದಾರಿಗೆ ಸಿಗದಂತೆ ಓಡಾಡುವುದನ್ನು ಕಲಿತಿದ್ದೆ. ಕರಿಬಸವ ಕಲಿತಿರಲಿಲ್ಲ. ಪಾಪ, ಅವನು ಜೈಲಿನಿಂದ ಬಂದದ್ದೇ ಹಿಂದಿನ ದಿನ.

ಈ ಊರಿಗೆ ಹೊಳೆಯಿಲ್ಲ, ಕೆರೆಯಿಲ್ಲ. ಇರುವುದೆಲ್ಲ ಸೇದುವ ಬಾವಿಗಳು. ಜೈಲಿಗೆ ಹೋಗಿ ಬಂದವರ ಕೈಗೆ ಇಲ್ಲಿನ ಯಾವ ಬಾವಿಯೂ ನೀರು ಕೊಡುವುದಿಲ್ಲ. ಕೊಡ ಇಳಿಯುತ್ತದೆ, ನೀರಿಗೆ ಬಿದ್ದ ಸದ್ದು ಕೇಳುತ್ತದೆ, ಹಗ್ಗ ಭಾರವೂ ಆಗುತ್ತದೆ. ಮೇಲೆ ಬಂದಾಗ ನೋಡಿದರೆ ಕೊಡ ಖಾಲಿ, ಒಳಗೆ ತೇವ ಕೂಡ ಇರುವುದಿಲ್ಲ. ಬೇರೆ ಊರಿನಿಂದ ಬಂದ ನನಗೆ ಮೊದಮೊದಲು ಇದು ಸೋಜಿಗ. ಊರಿನವರಿಗೆ ಬಿಸಿಲು ಮಳೆಯಷ್ಟೇ ಮಾಮೂಲು. ಮನೆ ಬಾಡಿಗೆಗೆ ಕೇಳಿಕೊಂಡು ಬಂದವನ ಕೈಗೆ ಮನೆಯಾಕೆ ಮೊದಲು ಕೊಡ ಹಗ್ಗ ಕೊಡುತ್ತಾಳೆ. ಹೆಣ್ಣು ನೋಡಲು ಬಂದ ಗಂಡು ಉಪ್ಪಿಟ್ಟಿನ ತಟ್ಟೆ ಮುಟ್ಟುವ ಮೊದಲು ಹಿತ್ತಲಿಗೆ ಹೋಗಿ ಒಂದು ಕೊಡ ಸೇದಿ ಬರುತ್ತಾನೆ. ನಮ್ಮೆಜಮಾನರು ನಮ್ಮ ತವರಿನಲ್ಲೂ ಹಾಗೇ ಎದ್ದು ಹಿತ್ತಲಿಗೆ ನಡೆದಾಗ, ನಮ್ಮಪ್ಪ ಹುಡುಗನಿಗೆ ಹೊಟ್ಟೆ ಸರಿಯಿಲ್ಲವೇನೋ ಅಂದುಕೊಂಡು ಚೊಂಬು ಹಿಡಿದು ಹಿಂದೆ ಓಡಿದ್ದರು.

ನಗುವುದು ಸುಲಭ. ಜೈಲಿನಿಂದ ಬಂದವರ ಪಾಡು ಮಾತ್ರ ನಗುವಂಥದ್ದಾಗಿರಲಿಲ್ಲ. ಗಾರೆ ಕಲಸಲು ನೀರು ಬೇಕು, ಹೋಟೆಲಿನಲ್ಲಿ ಲೋಟ ತೊಳೆಯಲು ನೀರು ಬೇಕು, ಎಮ್ಮೆ ಮೈ ತೊಳೆಯಲೂ ಬೇಕು. ನೀರು ಸೇದಲಾರದವನಿಗೆ ಕೆಲಸ ಕೊಡುವವರಿರಲಿಲ್ಲ. ಮಳೆಗೆ ಈ ನೇಮ ಇಲ್ಲದ್ದರಿಂದ ಮಳೆಗಾಲದಲ್ಲಿ ಸೂರಿನಡಿ ಪಾತ್ರೆ ಇಟ್ಟುಕೊಂಡು ಹೇಗೋ ದಿನ ನೂಕುತ್ತಿದ್ದರು. ಬೇಸಿಗೆ ಬಂತೆಂದರೆ ಊರು ಬಿಡುತ್ತಿದ್ದರು, ಬಿಟ್ಟವರು ಹೊಟ್ಟೆಪಾಡಿಗೆ ಇನ್ನೇನೋ ಮಾಡಿ ಮತ್ತೆ ಜೈಲು ಸೇರುತ್ತಿದ್ದರು.

ಕರಿಬಸವ ಜೈಲಿಗೆ ಹೋಗಿದ್ದು ನಮ್ಮ ಮನೆಯ ಬಚ್ಚಲಿನ ತಾಮ್ರದ ಹಂಡೆ ಕದ್ದು. ಅವತ್ತು ಬೆಳಿಗ್ಗೆ ದೊಡ್ಡಬಾವಿಯ ಹತ್ತಿರ ಅವನು ಕೊಡ ಇಳಿಸುವುದು, ಎಳೆಯುವುದು, ಒಳಗೆ ಇಣುಕುವುದು, ಮತ್ತೆ ಇಳಿಸುವುದು ಮಾಡುತ್ತ ನಿಂತಿದ್ದ. ಹಿಂದೆ ಸಾಲು ಬೆಳೆದಿತ್ತು. ಖಾಲಿ ಕೊಡ ಎಳೆಯುವವನ ಕಡೆ ನೋಡಬಾರದು ಅನ್ನುವುದು ಈ ಊರಿನ ಮರ್ಯಾದೆ, ಹಾಗಾಗಿ ಎಲ್ಲರೂ ಆಕಾಶ ನೋಡುತ್ತಿದ್ದರು. ನಮ್ಮತ್ತೆಗೆ ಆಕಾಶ ನೋಡುವಷ್ಟು ಪುರುಸೊತ್ತು ಯಾವತ್ತೂ ಇರಲಿಲ್ಲ. ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದರು. ಮುಂದೆ ನುಗ್ಗಿ, ಅವನ ಹಿಂದಿನಿಂದ ಹಗ್ಗಕ್ಕೆ ಕೈ ಹಾಕಿ ಸರಸರನೆ ಎಳೆದರು. ಕೊಡ ತುಂಬಿ, ತುಳುಕಿಕೊಂಡು ಮೇಲೆ ಬಂತು.

ಆಕಾಶ ನೋಡುತ್ತಿದ್ದವರೆಲ್ಲ ಬಾವಿ ನೋಡಿದರು. ಅತ್ತೆ ಮಾತ್ರ ಏನೂ ಆಗಿಲ್ಲವೆಂಬಂತೆ ನೀರನ್ನು ಅವನ ಬಿಂದಿಗೆಗೆ ಸುರಿದು, ನಮ್ಮ ಹಂಡೆ ಹೊತ್ತುಕೊಂಡು ಓಡಿದವನಿಗೆ ಒಂದು ಬಿಂದಿಗೆ ಭಾರವೇ, ನಡಿ ನಡಿ ಎಂದು ಅಟ್ಟಿದರು. ಮಾರನೆಯ ದಿನ ಕರಿಬಸವ ಬಾವಿಕಟ್ಟೆಯ ಮೇಲೆ ಅವರಿಗಾಗಿಯೇ ಕಾಯುತ್ತಿದ್ದ. ಅದರ ಮಾರನೆಯ ದಿನ ಅವನ ಜೊತೆ ಇನ್ನೊಬ್ಬನಿದ್ದ. ಅತ್ತೆ ಬೈದುಕೊಂಡೇ ಹೋಗುತ್ತಿದ್ದರು, ಆದರೆ ತಪ್ಪದೆ ಹೋಗುತ್ತಿದ್ದರು.

ಹೀಗೆ ಶುರುವಾದದ್ದು ಬರಬರುತ್ತಾ ಸಂಘವಾಯಿತು. ಶಾಲೆಯ ಮೇಷ್ಟ್ರು ಸೇರಿಕೊಂಡರು, ಗಾಣದ ಮನೆಯ ಹೆಂಗಸರು ಸೇರಿಕೊಂಡರು, ನಾನೂ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತೆ. ಬೆಳಗಿನ ಸರದಿ ಯಾರದು, ಸಂಜೆಯದು ಯಾರದು ಅಂತ ಹಂಚಿಕೊಂಡೆವು. ಯಾರಾದರೂ ಬಿಡುಗಡೆಯಾಗುವ ದಿನ ಜೈಲಿನ ಬಾಗಿಲಲ್ಲಿ ಹಗ್ಗ ಹಿಡಿದು ನಮ್ಮವರೊಬ್ಬರು ಕಾಯುತ್ತಿದ್ದರು. ಒಳಗಿನಿಂದ ಬಂದವನು ಮೊದಲು ಹಗ್ಗ ನೋಡಿ ಬೆಚ್ಚುತ್ತಿದ್ದ, ಆಮೇಲೆ ಸಮಾಧಾನ ಮಾಡಿಕೊಳ್ಳುತ್ತಿದ್ದ. ಕೆಲಸ ಸಿಕ್ಕಿತು, ಮನೆ ಸಿಕ್ಕಿತು. ಕರಿಬಸವ ಪಾತ್ರೆಗಳಿಗೆ ಕಲಾಯಿ ಹಾಕುವ ಅಂಗಡಿ ಇಟ್ಟ. ಅವನಿಗೆ ಹೆದರಿ ಹಂಡೆ ಬಚ್ಚಿಡುತ್ತಿದ್ದ ಊರಿನವರೇ ಈಗ ಹಂಡೆ ಹೊತ್ತು ತಂದು ಅವನ ಕೈಗೆ ಕೊಡತೊಡಗಿದರು. ಅವನ ಮದುವೆಯನ್ನೂ ಅತ್ತೆಯೇ ಮಾಡಿಸಿದರು. ಜೈಲಿಗೆ ಹೋದವರು ಮತ್ತೆ ಜೈಲಿಗೆ ಹೋಗುವುದು ನಿಧಾನಕ್ಕೆ ನಿಂತುಹೋಯಿತು.

ಸಂಘ ಬೆಳೆದ ಹಾಗೆ ಅದರ ಜೊತೆ ಒಂದು ನೇಮವೂ ಬೆಳೆಯಿತು. ಹಗ್ಗಕ್ಕೆ ಜೊತೆಗೈ ಕೊಡುವವರು ಜೈಲು ಕಾಣದವರಾಗಿರಬೇಕು. ಅವರಿಗೆ ತುಂಬುಗೈಯವರು ಅಂತ ಹೆಸರಾಯಿತು, ಜೈಲಿನಿಂದ ಬಂದವರಿಗೆ ಬರಿಗೈಯವರು ಅಂತ. ಯಾರು ಮಾಡಿದ ನೇಮ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಪರೀಕ್ಷೆ ಮಾಡಿ ನೋಡಿದವರೂ ಇಲ್ಲ. ಎರಡು ಬರಿಗೈ ಸೇರಿದರೆ ಏನು ಬಂದೀತು, ಸೊನ್ನೆಗೆ ಸೊನ್ನೆ ಕೂಡಿಸಿದರೆ ಎಷ್ಟು ಅಂತ ಮೇಷ್ಟ್ರು ನಗುತ್ತಿದ್ದರು. ವರ್ಷಕ್ಕೊಮ್ಮೆ ಸಂಘದ ಊಟ ಹಾಕುವಾಗ ತುಂಬುಗೈಯವರದು ಮೊದಲ ಪಂಕ್ತಿ, ಬರಿಗೈಯವರದು ಎರಡನೆಯದು. ಇದರಲ್ಲಿ ತಪ್ಪೇನಿದೆ ಅಂತ ಯಾರಿಗೂ ಅನಿಸಲಿಲ್ಲ. ನೀರು ಬರುತ್ತಿತ್ತಲ್ಲ, ಅಷ್ಟು ಸಾಕಾಗಿತ್ತು.

ರಾಚಪ್ಪ ಬಂದದ್ದು ಬಹಳ ವರ್ಷಗಳ ಮೇಲೆ, ನಮ್ಮತ್ತೆಯ ತಲೆ ಪೂರಾ ಬೆಳ್ಳಗಾದ ಕಾಲಕ್ಕೆ. ಗಾರೆ ಕೆಲಸದವನು. ಹೊಲದ ಬದುವಿನ ಜಗಳದಲ್ಲಿ ದಾಯಾದಿಯ ಹುಲ್ಲಿನ ಬಣವೆಗೆ ಬೆಂಕಿ ಇಟ್ಟಿದ್ದ. ಬೆಂಕಿ ಕೊಟ್ಟಿಗೆಗೂ ಹಬ್ಬಿ, ದನ ಬಿಚ್ಚಲು ಹೋದ ದಾಯಾದಿಯ ಎರಡೂ ಕೈ ಸುಟ್ಟಿದ್ದವು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ. ಅವನು ಒಳಗಿದ್ದಾಗಲೇ ಹೆಂಡತಿ ತೀರಿಕೊಂಡಳು. ಮಗಳು ದಾಕ್ಷಾಯಣಿಯನ್ನು ಅವಳ ಸೋದರಮಾವ ಶಿವನಂಜಪ್ಪ ತನ್ನ ಮನೆಗೆ ಕರೆದುಕೊಂಡು ಹೋಗಿ ಸ್ವಂತ ಮಗಳ ಹಾಗೆ ಸಾಕಿದ. ಬಿಡುಗಡೆಯಾಗಿ ಬಂದ ರಾಚಪ್ಪ ಜಾಸ್ತಿ ಮಾತಾಡುತ್ತಿರಲಿಲ್ಲ. ಮೊದಲು ದಾಯಾದಿಯ ಮನೆಗೆ ಹೋಗಿ, ಸುಟ್ಟ ಕೊಟ್ಟಿಗೆಯ ಗೋಡೆ ಕಟ್ಟಿಕೊಟ್ಟ. ಅವರು ಒಳಗೆ ಕರೆಯಲಿಲ್ಲ, ಅವನೂ ಕಾಯಲಿಲ್ಲ. ಆಮೇಲೆ ಊರಿನ ಗೋಡೆಗಳಿಗೆಲ್ಲ ಗಾರೆ ಮೆತ್ತುತ್ತ ಬದುಕಿದ. ದಿನಾ ಬೆಳಿಗ್ಗೆ ಅವನ ಹಗ್ಗಕ್ಕೆ ಜೊತೆಗೈ ಕೊಡುತ್ತಿದ್ದವರು ಅತ್ತೆಯೇ. ಅವನ ಮೇಲೆ ಅವರಿಗೆ ಮಗನ ಮೇಲಿದ್ದದ್ದಕ್ಕಿಂತ ಒಂದು ತೂಕ ಜಾಸ್ತಿ ಅಕ್ಕರೆ, ನಮ್ಮೆಜಮಾನರು ಕೇಳಿಸಿಕೊಂಡರೂ ಚಿಂತೆಯಿಲ್ಲ.

ದಾಕ್ಷಾಯಣಿಗೆ ಮದುವೆ ಗೊತ್ತಾಯಿತು. ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು. ತೊಡಕು ಬಂದದ್ದು ಧಾರೆಯ ವಿಷಯಕ್ಕೆ. ಧಾರೆ ಎರೆಯುವವರು ತಾವೇ ಸೇದಿದ ನೀರಿನಿಂದ ಎರೆಯಬೇಕು ಅನ್ನುವುದು ಇಲ್ಲಿನ ಪದ್ಧತಿ. ಸಂಘದವರ ಜೊತೆಗೈಯಿಂದ ಬಂದ ನೀರು ರಾಚಪ್ಪನದು ಹೇಗಾಗುತ್ತದೆ ಅಂತ ಗಂಡಿನ ಕಡೆಯವರು ಕೇಳಿದರು. ಹುಡುಗಿಯನ್ನು ಸಾಕಿದ ಮಾವನೇ ಎರೆಯಲಿ, ತಂದೆ ಬಂದು ಅಕ್ಷತೆ ಹಾಕಲಿ, ಬೇಡವೆನ್ನುವುದಿಲ್ಲ ಎಂದರು. ಅವರು ಕೆಟ್ಟವರಲ್ಲ, ಕಂಡ ಪದ್ಧತಿ ಹೇಳಿದರು. ಶಿವನಂಜಪ್ಪನೂ ಒಪ್ಪಿಕೊಂಡ. ರಾಚಪ್ಪ ಆಗಲಿ ಎಂದು ತಲೆಯಾಡಿಸಿದ. ಒಬ್ಬಳೇ ಮಗಳು. ಅವಳ ಬಾಲ್ಯವೆಲ್ಲ ಜೈಲಿನ ಗೋಡೆಯ ಆಚೆ ಕಳೆದುಹೋಗಿತ್ತು. ಅಪ್ಪನಾಗಿ ಅವಳಿಗೆ ಮಾಡಬಹುದಾಗಿದ್ದದ್ದು ಉಳಿದಿದ್ದರೆ ಈ ಧಾರೆಯೊಂದೇ.

ವಿಷಯ ಬಾವಿ ಯಜಮಾನ ಬೋರೇಗೌಡರ ಮುಂದೆ ಹೋಯಿತು. ಊರ ಬಾವಿಗಳ ನ್ಯಾಯ ಅವರ ಮನೆತನಕ್ಕೆ ಸೇರಿದ್ದು. ಬಾವಿಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಅವರು ಸಾವಧಾನವಾಗಿ ತೀರ್ಪು ಹೇಳಿದರು. ನೀರು ಬರುವುದು ತುಂಬುಗೈಗೆ. ಬರಿಗೈಯವನು ಅದರ ಪಕ್ಕದಲ್ಲಿ ಹಗ್ಗ ಮುಟ್ಟಿಕೊಂಡಿರುತ್ತಾನೆ ಅಷ್ಟೆ. ಆದ್ದರಿಂದ ಜೊತೆಗೈ ನೀರು ತುಂಬುಗೈಯವರದು. ಚಿಕ್ಕತಾಯಮ್ಮ ಇಷ್ಟು ವರ್ಷ ಅವನಿಗೆ ಕೊಟ್ಟದ್ದು ತನ್ನ ನೀರನ್ನು, ಪುಣ್ಯದ ಕೆಲಸ, ಆದರೆ ಧಾರೆಗೆ ನಡೆಯುವುದಿಲ್ಲ.

ಅತ್ತೆ ವಾದಿಸಿದರು. ಎಳೆಯುವಾಗ ಅವನ ರೆಟ್ಟೆಯ ಬಲವೂ ಬಿದ್ದಿದೆ, ನನ್ನದು ಈಗ ಬರೀ ನೆಪ, ಈ ವಯಸ್ಸಿನಲ್ಲಿ ಒಂದು ಚೊಂಬು ಎತ್ತುವುದೂ ಕಷ್ಟ ಎಂದರು. ಗೌಡರು ನಕ್ಕು, ಪುಣ್ಯ ಮಾಡಿದವರೇ ಹೀಗೆ ಸಿಟ್ಟಾದರೆ ಹೇಗೆ ತಾಯಿ ಎಂದರು. ಆ ನಗು ಎಡವಟ್ಟಾಯಿತು. ಪಕ್ಕದಲ್ಲಿ ಹುಲ್ಲಿನ ಹೊರೆ ಇಳಿಸಿಕೊಂಡು ನಿಂತಿದ್ದವಳ ಸೊಂಟದಿಂದ ಅತ್ತೆ ಕುಡುಗೋಲು ಕಿತ್ತುಕೊಂಡರು. ಗೌಡರು ಎದ್ದು ನಾಲ್ಕು ಹೆಜ್ಜೆ ಹಿಂದೆ ಹೋದರು. ಅತ್ತೆ ಅವರ ಕಡೆ ತಿರುಗಿಯೂ ನೋಡದೆ ದೊಡ್ಡಬಾವಿಯ ಹಗ್ಗ ಕೊಯ್ದು ಹಾಕಿದರು. ಹಗ್ಗ ರಾಟೆಯಿಂದ ಜಾರಿ, ಕೊಡದ ಸಮೇತ ಒಳಗೆ ಹೋಯಿತು.

ಊರ ಬಾವಿಯ ಹಗ್ಗ ಕೊಯ್ಯುವುದು ಇಲ್ಲಿ ಸಣ್ಣ ತಪ್ಪಲ್ಲ. ಕೋರ್ಟಿನಲ್ಲಿ ಸಾಹೇಬರು ವಯಸ್ಸು ನೋಡಿ, ತಪ್ಪಾಯಿತು ಅನ್ನಿ ಅಜ್ಜಿ, ಬಿಟ್ಟುಬಿಡುತ್ತೇನೆ ಎಂದರು. ಅತ್ತೆ, ಹಗ್ಗ ಹೊಸದು ತಂದುಕೊಡುತ್ತೇನೆ, ತಪ್ಪಾಯಿತು ಅನ್ನುವುದಿಲ್ಲ ಎಂದರು. ನಮ್ಮೆಜಮಾನರು ಕಟಕಟೆಯ ಪಕ್ಕದಲ್ಲಿ ಕೈ ಮುಗಿದುಕೊಂಡು ಅಮ್ಮ ಅಮ್ಮ ಅಂತ ಬೇಡಿಕೊಂಡರು. ಆಕೆ ಮಗನನ್ನು ಬೈದು, ನನಗೆ ರಾಗಿ ಬೀಸಿಡಲು ಹೇಳಿ, ಜೀಪು ಹತ್ತಿದರು. ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ಜೈಲಾಯಿತು.

ಆ ದಿನಗಳಲ್ಲಿ ಒಂದು ಸಂಜೆ ರಾಚಪ್ಪ ನಮ್ಮ ಮನೆಗೆ ಬಂದ. ಜಗಲಿಯ ತುದಿಯಲ್ಲಿ ಕುಳಿತು ತನ್ನ ಅಂಗೈ ನೋಡಿಕೊಂಡ. ಅವ್ವ ಒಳಗೆ ಹೋಗಿದ್ದು ನನ್ನಿಂದ, ಮಗಳ ಮದುವೆಗೆ ಮುಂಚೆ ಊರು ಬಿಟ್ಟು ಹೋಗುತ್ತೇನೆ, ಯಾರಿಗೂ ಇರುಸುಮುರುಸು ಬೇಡ ಎಂದ. ಸಮಾಧಾನದ ಮಾತು ನನಗೆ ಬರುವುದಿಲ್ಲ, ಆದ್ದರಿಂದ ನಿಜವನ್ನೇ ಹೇಳಿದೆ. ಅತ್ತೆ ಬಂದು ನೀನಿಲ್ಲ ಅಂತ ಗೊತ್ತಾದರೆ ನನ್ನ ಗತಿ ಏನು, ಅವರು ಬರುವವರೆಗಾದರೂ ಇರು, ಆಮೇಲೆ ಅವರ ಕೈಲೇ ಬೈಸಿಕೊಂಡು ಹೋಗು ಎಂದೆ. ಅವನು ಸ್ವಲ್ಪ ನಕ್ಕ. ಮಜ್ಜಿಗೆ ಕುಡಿದು ಹೋದ.

ಹುಣ್ಣಿಮೆಯ ದಿನ ಹಗ್ಗ ಹಿಡಿದು ಜೈಲಿನ ಬಾಗಿಲಲ್ಲಿ ನಿಂತವಳು ನಾನು. ಅತ್ತೆ ಇಳಿದುಹೋಗಿದ್ದರು, ನಾಲಿಗೆ ಮಾತ್ರ ಹಾಗೇ ಇತ್ತು. ನನ್ನ ಕೈಯಲ್ಲಿದ್ದ ಹಗ್ಗ ನೋಡಿ, ಅದೇನು ನನ್ನ ಕಟ್ಟಿಹಾಕಲು ತಂದೆಯಾ ಎಂದು ಕೇಳಿದರು. ದಾರಿಯುದ್ದಕ್ಕೂ ಜೈಲಿನ ಸಾರಿಗೆ ಉಪ್ಪಿಲ್ಲದ್ದನ್ನು ಹೇಳುತ್ತ ಬಂದರು. ಬಾವಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಚಿಕ್ಕತಾಯಮ್ಮನಂಥವರಿಗೆ ಬಾವಿ ನೀರು ಕೊಡದೆ ಇರಲಿಕ್ಕಿಲ್ಲ ಅಂತ ಊರಿನಲ್ಲಿ ಅರ್ಧ ಜನ, ಅವರಿಗೂ ಕೊಡುವುದಿಲ್ಲ ಅಂತ ಇನ್ನರ್ಧ ಜನ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅಂತಾರಲ್ಲ, ಮಾರನೆಯ ಬೆಳಿಗ್ಗೆ ದೊಡ್ಡಬಾವಿಯ ಹತ್ತಿರ ಊರಿಗೆ ಊರೇ ಕೊಡ ಹಿಡಿದು ನಿಂತಿತ್ತು. ಮನೆಯಲ್ಲಿ ತುಂಬಿದ ಹಂಡೆ ಇದ್ದವರೂ ಬಂದಿದ್ದರು. ಗೌಡರು ಕಟ್ಟೆಯ ಮೇಲಿದ್ದರು. ನಾಡಿದ್ದು ಮದುವೆಯಾದ್ದರಿಂದ ಶಿವನಂಜಪ್ಪನೂ ಮದುವೆ ಮನೆಗೆ ನೀರು ಹೊರಲು ಬಂದಿದ್ದ. ರಾಚಪ್ಪ ಎಂದಿನಂತೆ ಸಾಲಿನ ಕೊನೆಯಲ್ಲಿ.

ಅತ್ತೆ ಯಾರನ್ನೂ ಮಾತಾಡಿಸದೆ ಕೊಡ ಇಳಿಸಿದರು. ನೀರಿಗೆ ಬಿದ್ದ ಸದ್ದಾಯಿತು. ಎಳೆದರು. ಕೊಡ ಕಟ್ಟೆಗೆ ಬಂದು ತಗಲಿದಾಗ ಟಣ್ಣೆಂದಿತು. ತುಂಬಿದ ಕೊಡ ಹಾಗೆ ಸದ್ದು ಮಾಡುವುದಿಲ್ಲ. ಅವರು ಒಳಗೆ ಕೈ ಹಾಕಿ ಸವರಿ ನೋಡಿದರು. ನನ್ನ ಮದುವೆಯಾದಾಗಿನಿಂದ ಆ ಮುಖದ ಎಲ್ಲ ಬಣ್ಣ ನೋಡಿದ್ದೇನೆ ಅಂದುಕೊಂಡಿದ್ದೆ, ಆ ಬಣ್ಣ ನೋಡಿರಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತ ಎಷ್ಟೋ ಸಲ ಮನಸ್ಸಿನಲ್ಲಿ ಅಂದುಕೊಂಡವಳು ನಾನು. ಅವತ್ತು ನನಗೆ ಅಂಥ ಕಾಲ ಬೇಕಾಗಿರಲಿಲ್ಲ, ಅಳು ಬಂತು.

ತುಂಬುಗೈಯವರೆಲ್ಲ ಒಟ್ಟಿಗೆ ನುಗ್ಗಿದರು. ಮೇಷ್ಟ್ರು ನಾನು ಹಿಡಿಯುತ್ತೇನೆ ಎಂದರು, ಗಾಣದ ಮನೆಯವರು ನಾವು ಎಂದರು, ಮೊದಲು ಯಾರು ಅಂತ ಅಲ್ಲೇ ಸಣ್ಣ ಜಗಳ ಹತ್ತಿಕೊಂಡಿತು. ಅತ್ತೆ ಮೊಣಕೈಯಿಂದ ಎಲ್ಲರನ್ನೂ ನೂಕಿ ಮತ್ತೆ ಕೊಡ ಇಳಿಸಿದರು. ಕೊಟ್ಟು ರೂಢಿಯಾದ ಕೈ, ಇಸಿದುಕೊಳ್ಳಲು ಅದಕ್ಕೆ ಬರುತ್ತಿರಲಿಲ್ಲ. ಮತ್ತೆ ಖಾಲಿ. ಅಷ್ಟು ಜನರೂ ಆಕಾಶ ನೋಡತೊಡಗಿದರು. ಅತ್ತೆ ಮೂರನೆಯ ಸಲ ಕೊಡ ಇಳಿಸಿದರು.

ಆಗ ರಾಚಪ್ಪ ತನ್ನ ಬಿಂದಿಗೆ ಕೆಳಗಿಟ್ಟು, ಸಾಲು ದಾಟಿ ಬಂದು, ಅತ್ತೆಯ ಹಿಂದೆ ನಿಂತು ಹಗ್ಗ ಹಿಡಿದುಕೊಂಡ. ಮೇಷ್ಟ್ರು, "ಏ ರಾಚಪ್ಪ, ನೀನು ಬರಿಗೈಯವನು ಕಣೋ, ಬಿಡು" ಎಂದರು.

"ಗೊತ್ತು ಮೇಷ್ಟ್ರೇ. ನೀರು ಬರಲ್ಲ" ಎಂದ ರಾಚಪ್ಪ. "ಖಾಲಿ ಕೊಡ ಎಳ್ಯೋವಾಗ ಒಬ್ರೇ ಇರಬಾರ್ದು. ನಾನು ಎಳ್ದಿದೀನಿ, ನಂಗೊತ್ತು."

ಅತ್ತೆ ಹಿಂತಿರುಗಿ ನೋಡಲಿಲ್ಲ, ಅವನನ್ನು ನೂಕಲೂ ಇಲ್ಲ. ಇಬ್ಬರೂ ಎಳೆದರು. ಕೊಡ ಮೇಲೆ ಬಂದು ಕಟ್ಟೆಗೆ ತಗಲಿದಾಗ ನೀರು ತುಳುಕಿ ಅತ್ತೆಯ ಸೀರೆಯ ನಿರಿಗೆ ಒದ್ದೆಯಾಯಿತು.

ಇಷ್ಟು ವರ್ಷ, ಇಷ್ಟು ಜನ, ದಿನಾ ಬೆಳಿಗ್ಗೆ ಒಂದೇ ಸಾಲಿನಲ್ಲಿ ನಿಂತಿದ್ದ ಬರಿಗೈಯವರಿಗೆ ನಾವು ಒಬ್ಬರ ಹಗ್ಗವನ್ನು ಇನ್ನೊಬ್ಬರು ಹಿಡಿಯಿರಿ ಅಂತ ಒಂದು ಸಲವೂ ಹೇಳಿರಲಿಲ್ಲ. ನಮ್ಮ ಸರದಿಗೆ ಕಾಯಿಸುತ್ತಿದ್ದೆವು. ಸಾಲಿನಲ್ಲಿದ್ದ ಕರಿಬಸವ ಈಗ ಮುದುಕ, ಅವನು ಕೊಡದ ಹತ್ತಿರ ಬಂದು ನೀರಿಗೆ ಬೆರಳು ಅದ್ದಿ ನೋಡಿ ಪಕ್ಕಕ್ಕೆ ಸರಿದ.

ಅತ್ತೆಗೆ ಜೀವ ಬಂದಿತ್ತು. "ಯಜಮಾನ್ರೇ, ಈ ನೀರು ಯಾರ್ದು ಹೇಳಿ" ಎಂದು ಕೇಳಿದರು.

ಗೌಡರು ಬಾಯಿಯ ಎಲೆ ಅಡಿಕೆ ಉಗಿದು ಬಂದರು. ಕೊಡ ನೋಡಿದರು, ಅತ್ತೆಯನ್ನು ನೋಡಿದರು, ರಾಚಪ್ಪನನ್ನು ನೋಡಿದರು. "ನಿಮ್ದು ಅನ್ನೋ ಹಂಗಿಲ್ಲ ತಾಯಿ, ಈಗ್ತಾನೆ ನೋಡಿದ್ವಲ್ಲ" ಎಂದು ನಿಧಾನವಾಗಿ ಹೇಳಿ, ಮುಂದೆ ಹೇಳಬೇಕಾದದ್ದನ್ನು ನುಂಗಿಕೊಂಡರು. ನ್ಯಾಯ ಹೇಳುವ ಮನೆತನಕ್ಕೆ ಬಾಯಿ ಕಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೇಳಿದವನು ಶಿವನಂಜಪ್ಪ. ಅವನಿಗೆ ಹೇಳುವ ಅಗತ್ಯವಿರಲಿಲ್ಲ. ಧಾರೆ ಎರೆಯಲು ಹೊಸ ಪಂಚೆ ತಂದಿಟ್ಟುಕೊಂಡಿದ್ದ, ಆ ಹುಡುಗಿಯನ್ನು ಎತ್ತಿ ಆಡಿಸಿದವನು ಅವನು. ಸುಮ್ಮನಿದ್ದಿದ್ದರೆ ಯಾರೂ ಒಂದು ಮಾತು ಅನ್ನುತ್ತಿರಲಿಲ್ಲ. ಅವನು ತನ್ನ ಕೊಡವನ್ನು ಕಂಕುಳಿಂದ ಇಳಿಸಿ, "ಗೌಡ್ರೇ, ಅವ್ವಂದಲ್ಲ ಅಂದ್ಮೇಲೆ ನಮ್ ಭಾವಂದೇ ಆಯ್ತಲ್ಲ" ಎಂದ. ಆಮೇಲೆ ರಾಚಪ್ಪನ ಕಡೆ ತಿರುಗಿದ. "ಭಾವ, ಮಗೂನ ನಾನು ಸಾಕಿದೀನಿ. ಧಾರೆ ಎರ್ದು ಕೊಡಬೇಕಾದೋರು ನೀವು."

ರಾಚಪ್ಪ ಹಗ್ಗ ಬಿಟ್ಟಿರಲಿಲ್ಲ. ಅದನ್ನು ಹಿಡಿದುಕೊಂಡೇ ಕಟ್ಟೆಯ ಮೇಲೆ ಕುಸಿದು ಕುಳಿತು ಅತ್ತ. ಅತ್ತೆ ಅವನ ಬೆನ್ನಿಗೆ ಒಂದು ಗುದ್ದು ಹಾಕಿ, ಹಿಂದಿನವರಿಗೆ ದಾರಿ ಬಿಡೋ ಎಂದರು.

ಸಂಘ ಈಗಲೂ ಇದೆ. ಮೊದಲ ಪಂಕ್ತಿ ಎರಡನೆಯ ಪಂಕ್ತಿ ಹೋಗಿ ಯಾರು ಮೊದಲು ಬಂದರೆ ಅವರು ಕೂರುತ್ತಾರೆ. ಜೈಲಿನ ಬಾಗಿಲಲ್ಲಿ ಹಗ್ಗ ಹಿಡಿದು ನಿಲ್ಲುವವರು ಹೆಚ್ಚಾಗಿ ಅದೇ ಬಾಗಿಲಿನಿಂದ ಬಂದವರು. ಒಳಗಿನಿಂದ ಬಂದವನು ಹಗ್ಗ ನೋಡಿ ಈಗ ಅಷ್ಟಾಗಿ ಬೆಚ್ಚುವುದಿಲ್ಲ, ಹಿಡಿದವನ ಮುಖ ಗುರುತಿರುತ್ತದೆ. ತುಂಬುಗೈಯವರಾದ ನಮಗೆ ಕೆಲಸ ಕಡಿಮೆಯಾಯಿತು. ಮೇಷ್ಟ್ರಿಗೆ ಸ್ವಲ್ಪ ದಿನ ಬೇಜಾರಾಗಿತ್ತು, ಆಮೇಲೆ ಸೊನ್ನೆಯ ಲೆಕ್ಕ ಹೇಳುವುದನ್ನು ಬಿಟ್ಟರು. ಅತ್ತೆ ಇರುವಷ್ಟು ದಿನವೂ ಸಾಲಿನಲ್ಲಿ ನಿಂತು, ಹಗ್ಗ ಹಿಡಿದವರಿಗೆಲ್ಲ ಸರಿಯಾಗಿ ಹಿಡಿಯಲು ಬರುವುದಿಲ್ಲ ಅಂತ ಬೈದರು.

ಇದೆಲ್ಲ ಆಮೇಲಿನದು. ನನಗೆ ಹೇಳಬೇಕಾಗಿರುವುದು ಮದುವೆಯ ಬೆಳಗಿನ ಮಾತು. ಗೌಡರು ಗಂಡಿನ ಕಡೆಯವರಿಗೆ ತಾವೇ ಹೇಳಿ ಒಪ್ಪಿಸಿದ್ದರು. ಸೂರ್ಯ ಹುಟ್ಟುವ ಹೊತ್ತಿಗೇ ಅತ್ತೆ ಮತ್ತು ರಾಚಪ್ಪ ಇಬ್ಬರೂ ಸೇರಿ ಹೊಸ ಕೊಡದಲ್ಲಿ ನೀರು ಸೇದಿ ತಂದರು. ಶಿವನಂಜಪ್ಪ ತನ್ನ ಹೊಸ ಪಂಚೆಯನ್ನು ಭಾವನಿಗೆ ಉಡಿಸಿದ. ಅದು ಅಳತೆಗೆ ಸ್ವಲ್ಪ ಗಿಡ್ಡವಾಗಿ ಗಾರೆ ಹತ್ತಿದ ಹಿಮ್ಮಡಿಗಳು ಕಾಣುತ್ತಿದ್ದವು. ಹಸೆಮಣೆಯ ಮೇಲೆ ಹುಡುಗನ ಕೈಯೊಳಗೆ ದಾಕ್ಷಾಯಣಿಯ ಕೈ, ಎದುರಿಗೆ ರಾಚಪ್ಪ. ಅಯ್ಯನವರು ಮಂತ್ರ ಹೇಳಿ ಎರೆಯಪ್ಪ ಎಂದರು. ಅವನು ಎರೆದ. ನೀರು ಅತ್ತಿತ್ತ ಚೆಲ್ಲಿತು. ಹುಡುಗನ ಪಂಚೆ ಒದ್ದೆಯಾಯಿತು, ಹುಡುಗ ಅಲುಗಾಡದೆ ಕುಳಿತಿದ್ದ. ಶಾಸ್ತ್ರಕ್ಕೆ ಬೇಕಾದಷ್ಟು ಆಯಿತು. ಅಯ್ಯನವರು ಸಾಕು ಎಂದರು. ರಾಚಪ್ಪ ಕೊಡ ಮೇಲೆತ್ತಿದ.

ದಾಕ್ಷಾಯಣಿ ಕೈ ತೆಗೆಯಲಿಲ್ಲ. ತಲೆ ತಗ್ಗಿಸಿ ಕುಳಿತಿದ್ದವಳು ಮುಖ ಎತ್ತಿ ಅವನನ್ನೇ ನೋಡಿದಳು.

"ಇನ್ನೊಂಚೂರು ಹಾಕಪ್ಪ" ಎಂದಳು.

ರಾಚಪ್ಪ ಅಯ್ಯನವರ ಮುಖ ನೋಡಲಿಲ್ಲ. ಕೊಡ ಬಗ್ಗಿಸಿ, ಇದ್ದದ್ದಷ್ಟನ್ನೂ ಮಗಳ ಕೈಗೆ ಹಾಕಿದ.